ಚಂದಕ್ಕೆ ಹಾಕಿದ ಕೊಂಡಿ

ಮಾಯಾ ಅಂಗಳದಲ್ಲಿ ಹಳೆಯ ಗೋಣಿತಟ್ಟು ಹಾಸಿ, ಅಂಗಾತ ಮಲಗಿ, ತಮ್ಮನ ಗಾಡಿಯ ಹಿಂಬದಿಯ ಅಡಿಗೆ ಟಾರ್ಚು ಬಿಟ್ಟು ನೋಡಿದಳು. ಆಮೇಲೆ ಎದ್ದು ಕೂತು ನಕ್ಕಳು. ಆ ನಗೆಯನ್ನು ಪ್ರತಾಪ ಚಿಕ್ಕಂದಿನಿಂದ ಬಲ್ಲ. ಅವನ ಗಣಿತದ ಉತ್ತರಪತ್ರಿಕೆ ನೋಡಿದಾಗಲೂ ಅಕ್ಕ ಹೀಗೆಯೇ ನಗುತ್ತಿದ್ದಳು.

"ಎಷ್ಟ್ ಮಂದಿ ಕೂಡಿ ಹಾಕಿದ್ರೋ ನಿನಗ ಈ ಟೊಪ್ಪಿಗಿ?" ಎಂದಳು.

"ಯಾಕಕ್ಕಾ? ಛಲೋ ಐತಲಾ. ಹೆವಿ ಡ್ಯೂಟಿ ಬಂಪರ್. ಕೊಂಡಿ ಮ್ಯಾಲೆ ಐದು ಟನ್ ಅಂತ ಬರದೈತಿ ನೋಡು."

"ಕೊಂಡಿ ಮ್ಯಾಲೆ ಬರದೈತಿ. ಕೊಂಡಿ ಹಿಂದ ಏನೈತಿ ಅಂತ ಯಾರ್ ಬರದಾರ?"

ಧಾರವಾಡದ ಒಂದು ಕೈಗಾರಿಕಾ ತರಬೇತಿ ಕೇಂದ್ರದಲ್ಲಿ ಮಾಯಾ ಇಪ್ಪತ್ತು ವರ್ಷದಿಂದ ವೆಲ್ಡಿಂಗ್ ಕಲಿಸುತ್ತಿದ್ದಳು. ವಯಸ್ಸು ನಲವತ್ತನಾಲ್ಕು. ಅವಳ ತಂದೆ ಮೈಲಾರಪ್ಪ ಬದುಕಿದ್ದಾಗ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಡಬ್ಬಿಗಳನ್ನು ಒಂದಕ್ಕೊಂದು ಜೋಡಿಸುವ ಕೊಕ್ಕೆಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದವರು. ಮನೆಯಲ್ಲಿ ಊಟಕ್ಕೆ ಕೂತಾಗಲೂ ಕಬ್ಬಿಣದ ಮಾತೇ. ಹಾಗಾಗಿ ಮಗಳಿಗೆ ಕಬ್ಬಿಣ ಎಲ್ಲಿ ಸುಳ್ಳು ಹೇಳುತ್ತದೆ ಎಂಬುದು ಬೇಗ ಗೊತ್ತಾಯಿತು. ಸುಳ್ಳು ಹೇಳುವ ಮನುಷ್ಯರ ಬಗ್ಗೆ ಅವಳಿಗೆ ಸಹನೆ ಇರಲಿಲ್ಲ. ಸುಳ್ಳನ್ನು ನಂಬುವವರ ಬಗ್ಗೆಯಂತೂ ಒಂದಿಷ್ಟೂ ಇರಲಿಲ್ಲ.

ಪ್ರತಾಪ ಕುಂದಗೋಳದ ಕಡೆ ಪಶುವೈದ್ಯ. ಅದು ಎರೆಮಣ್ಣಿನ ಸೀಮೆ. ಒಂದು ಹದ ಮಳೆ ಬಿದ್ದರೆ ಹೊಲದ ದಾರಿಯಲ್ಲಿ ಮಣ್ಣು ಚಕ್ರಕ್ಕೆ ಹಿಟ್ಟಿನ ಹಾಗೆ ಮೆತ್ತಿಕೊಂಡು ಗಾಡಿ ನಿಂತಲ್ಲೇ ಹೂತುಹೋಗುತ್ತದೆ. ಕಷ್ಟದಲ್ಲಿರುವ ಎಮ್ಮೆ ಮಳೆ ನಿಲ್ಲಲಿ ಎಂದು ಕಾಯುವುದಿಲ್ಲವಲ್ಲ. ಅದಕ್ಕೆ ಅವನು ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಹೋಗುವ ಒಂದು ಹಳೆಯ ಗಾಡಿ ಕೊಂಡಿದ್ದ. ಅಲ್ಲಿಯವರೆಗೆ ಎಲ್ಲವೂ ಬುದ್ಧಿವಂತಿಕೆಯ ಕೆಲಸವೇ. ಆಮೇಲೆ ಅವನು ಕ್ಲಬ್ಬು ಸೇರಿದ.

ಕ್ಲಬ್ಬಿನ ಹೆಸರು 'ಗಂಡುಮೆಟ್ಟಿನ ಆಫ್‌ರೋಡರ್ಸ್'. ಹದಿನೆಂಟು ಗಾಡಿಗಳು. ಅವುಗಳಲ್ಲಿ ಹೆಚ್ಚಿನವು ಡಾಂಬರು ಬಿಟ್ಟು ಕೆಳಗಿಳಿದದ್ದು ಪಂಚರ್ ಅಂಗಡಿಯ ಮುಂದೆ ಮಾತ್ರ. ಮಾಲೀಕರು ಭಾನುವಾರ ಮೊಣಕಾಲುದ್ದದ ಬೂಟು, ಕಾಡಿನ ಬಣ್ಣದ ಟೊಪ್ಪಿಗೆ ಹಾಕಿಕೊಂಡು, ತಲೆಯ ಮೇಲೆ ಏಣಿ, ಸಲಿಕೆ, ನೀರಿನ ಡಬ್ಬ ಹೊತ್ತ ಗಾಡಿಗಳಲ್ಲಿ ಹುಬ್ಬಳ್ಳಿಯ ಪೇಟೆ ದುರ್ಗದಬೈಲಿಗೆ ಹೋಗಿ ಗಿರಮಿಟ್ ತಿಂದು, ಪಾರ್ಕಿಂಗ್ ಸಿಗದೆ ಜಗಳಾಡಿ, ವಿಡಿಯೋ ಮಾಡಿಕೊಂಡು ಬರುತ್ತಿದ್ದರು. ಅಧ್ಯಕ್ಷ ಕಲ್ಲೇಶ. ಕೇಶ್ವಾಪುರದಲ್ಲಿ ಅವನದು ಗ್ರಾನೈಟ್ ಮತ್ತು ಟೈಲ್ಸ್ ಅಂಗಡಿ. ಅದರ ಪಕ್ಕದ ಮಳಿಗೆಯಲ್ಲಿ ಅವನು ಗಾಡಿಗಳ ಅಲಂಕಾರ ಸಾಮಾನು ಮಾರುತ್ತಿದ್ದ. ಪ್ರತಾಪನ ಗಾಡಿಗೆ ಹಿಂದಿನ ಬಂಪರ್ ಹಾಕಿಕೊಟ್ಟವನು ಅವನೇ. ಕಪ್ಪು ಬಣ್ಣದ ದಪ್ಪ ಬಂಪರ್, ಅದರ ಎರಡೂ ಕಡೆ ಕುಂಕುಮದಂತಹ ಕೆಂಪು ಕೊಂಡಿ. ಕೆಸರಿನಲ್ಲಿ ಸಿಕ್ಕಿಕೊಂಡರೆ ಹಗ್ಗವನ್ನು ಆ ಕೊಂಡಿಗೇ ಕಟ್ಟಿ ಎಳೆಯಬೇಕು.

ಮಾಯಾ ಸ್ಪ್ಯಾನರ್‌ನಿಂದ ಬಂಪರಿನ ಮೇಲೆ ಬಡಿದಳು. ಖಾಲಿ ಡಬ್ಬಿ ಬಡಿದಂತಾಯಿತು.

"ಕೇಳಿಸ್ತ? ಮೂರ್ ಎಂಎಂ ತಗಡು. ಮಡಚಿ ಮಡಚಿ ದಪ್ಪ ಕಾಣೂವಂಗ ಮಾಡ್ಯಾರ. ಕೊಂಡಿ ಹಿಡದಿದ್ದು ಈ ತಗಡಿಗೆ. ತಗಡು ನಿಂತಿದ್ದು ಎರಡ ಎರಡು ಬೋಲ್ಟ್ ಮ್ಯಾಲೆ. ಆ ಬೋಲ್ಟ್ ಕೂತಿದ್ದು ಡಿಕ್ಕಿ ಹೊಡದ್ರ ಮುದ್ದಿ ಆಗ್ಲಿ ಅಂತ ಕಂಪನಿ ಮಾಡಿದ ತೆಳ್ಳನ ಪಟ್ಟಿಗೆ. ಚಾಸಿಗೆ, ಗಾಡಿ ಬೆನ್ನೆಲುಬಿಗೆ, ಇದರ ಸುದ್ದಿನ ಇಲ್ಲ." ಅವಳು ಉಗುರಿನಿಂದ ಬಣ್ಣ ಕೆರೆದಳು. ಅಡಿಯಲ್ಲಿ ಬೆಸುಗೆ ಹುಳು ಹರಿದ ಹಾಗೆ ಮೇಲೆ ಮೇಲೆ ಕೂತಿತ್ತು. "ಬೆಸುಗಿ ನೋಡು, ಹಲ್ಲಿಗೆ ಮಿಶ್ರಿ ಹಚ್ಚಿದಂಗ ಹಚ್ಚ್ಯಾರ. ಒಳಗ ಇಳದ ಇಲ್ಲ. ಇದರದ ಅರವತ್ತು ಕಿಲೋ ಭಾರ ನಿನ್ನ ಗಾಡಿ ಹೊತ್ಕೊಂಡು ತಿರಗ್ತೈತಿ, ಎರಡ್ ಟನ್ ಎಳಿಯೂದಿಲ್ಲ ಇದು. ಮ್ಯಾಲೆ ರಿವರ್ಸ್ ಸೆನ್ಸರ್ ಬ್ಯಾರೆ ಮುಚ್ಚೈತಿ. ನಾಳೆ ಹಿಂದ ಯಾರದರ ಕೂಸು ನಿಂತ್ರೂ ನಿನಗ ಗೊತ್ತಾಗೂದಿಲ್ಲ."

"ಕಲ್ಲೇಶಣ್ಣನ ಗಾಡಿಗೂ ಇದ ಐತಿ."

"ಹಂಗಾರ ಅಂವನೂ ಮೂರ್ಖ. ತಾನ ಮಾರಿ ತಾನ ಮೂರ್ಖ ಆಗೂದು ದೊಡ್ಡ ಸಾಧನೆ."

ಮುಂದಿನ ಶನಿವಾರ ಅವಳು ತಮ್ಮನನ್ನು ಧಾರವಾಡದ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಎಳೆದುಕೊಂಡು ಹೋದಳು. ಅಲ್ಲಿ ಖಾದರಬಾಷಾ ಎಂಬವರ ವರ್ಕ್‌ಶಾಪ್ ಇತ್ತು. ಟ್ರೇಲರುಗಳ ಚಾಸಿ ಕಟ್ಟುವ ಮನುಷ್ಯ. ಅರವತ್ತು ದಾಟಿದವರು. ಮಾತು ಕಡಿಮೆ. ಬಂಪರನ್ನು ಒಮ್ಮೆ ನೋಡಿ, "ಇದನ್ನ ಎಲ್ಲಿ ಇಡೂಣು, ಶೋಕೇಸ್‌ನ್ಯಾಗ?" ಎಂದಷ್ಟೇ ಕೇಳಿದರು. ಇಬ್ಬರೂ ಸೇರಿ ಅದನ್ನು ಬಿಚ್ಚಿ ಹಾಕಿದರು. ಚಾಸಿಗೆ ಹೊಸ ತೂತು ಹೊಡೆಯಲಿಲ್ಲ. ಕಂಪನಿಯವರೇ ಬಿಟ್ಟಿದ್ದ ತೂತುಗಳಿಗೆ ಎರಡೂ ಕಡೆ ಹತ್ತು ಎಂಎಂ ದಪ್ಪದ ಪ್ಲೇಟು ಕೂರಿಸಿ, ಗಟ್ಟಿ ದರ್ಜೆಯ ಬೋಲ್ಟು ಬಿಗಿದು, ನಡುವೆ ಅಡ್ಡಪಟ್ಟಿ ಹಾಕಿ, ಅದರ ಮಧ್ಯದಲ್ಲಿ ಒಂದು ಚೌಕ ಕೊಳವೆ ಕೂರಿಸಿದರು. ಹಗ್ಗದ ಕುಣಿಕೆಯನ್ನು ಕೊಳವೆಯೊಳಗೆ ತೂರಿಸಿ ಅಡ್ಡ ಪಿನ್ ಹಾಕಿದರೆ ಆಯಿತು. ಗಾಡಿ ಮುರಿಯಬೇಕೇ ಹೊರತು ಕೊಂಡಿ ಕಿತ್ತುಬರುವುದಿಲ್ಲ.

"ಡಿಕ್ಕಿಯೊಳಗ ಒಂದು ಗೋಣಿಚೀಲ ಇಟ್ಟೇನಿ," ಎಂದಳು ಮಾಯಾ. "ಎಳಿಯೂ ಮುಂದ ನೀರಾಗ ತೋಯಿಸಿ ಹಗ್ಗದ ನಡುವ ಹಾಕಬೇಕು. ಏನರ ಹರಿದ್ರ ಹಗ್ಗ ಹಾರೂದಿಲ್ಲ, ಕೆಳಗ ಬೀಳತೈತಿ. ಮತ್ತ ಟ್ರೇಲರ್ ಸಿಗಿಸೂ ದುಂಡನ ಕಬ್ಬಿಣದ ಗುಂಡಿಗೆ ಎಂದೂ ಹಗ್ಗ ಹಾಕಬ್ಯಾಡ. ಅದು ಕಿತ್ತರ ತೋಪಿನ ಗುಂಡು."

ಕ್ಲಬ್ಬಿನವರಿಗೆ ಇದು ಬಹಳ ಮೋಜಾಯಿತು. ಕಲ್ಲೇಶ ಪ್ರತಾಪನ ಗಾಡಿಯ ಹಿಂಬದಿಯ ಫೋಟೋ ತೆಗೆದು ಗುಂಪಿಗೆ ಹಾಕಿ, 'ಡಾಕ್ಟರ್ ಸಾಹೇಬರು ಎತ್ತಿನ ಬಂಡಿಯ ನೊಗ ಹಾಕಿಸ್ಯಾರ' ಎಂದು ಬರೆದ. ಪ್ರತಾಪ ಅದನ್ನು ಅಕ್ಕನಿಗೆ ತೋರಿಸಿ ಪೆಚ್ಚಾಗಿ ನಕ್ಕ. ಮಾಯಾ ನಗಲಿಲ್ಲ. "ನೊಗಕ್ಕ ಅವಮಾನ ಮಾಡಬಾರದು ಅಂತ ಹೇಳು. ನೊಗ ಎಳೀತೈತಿ," ಎಂದಳು.

ಆಗಸ್ಟ್ ಕೊನೆಯ ಭಾನುವಾರ ಬೆಣ್ಣಿಹಳ್ಳದ ದಂಡೆಯ ಒಂದು ಬೀಳು ಹೊಲದಲ್ಲಿ ಕ್ಲಬ್ಬಿನ 'ಮಳೆಗಾಲದ ಸವಾಲು' ಇತ್ತು. ಹಿಂದಿನ ಮೂರು ದಿನ ಮಳೆ ಹೊಡೆದಿತ್ತು. ಬ್ಯಾನರು, ಧ್ವನಿವರ್ಧಕ, ಉಪ್ಪಿಟ್ಟು, ಶಿರಾ, ಸುತ್ತಲಿನ ಹಳ್ಳಿಯ ನೂರು ನೂರೈವತ್ತು ಜನ. ಹೊಲದಲ್ಲಿ ಸಿಕ್ಕಿಬೀಳದಂತೆ ಹೇಗೆ ಬರಬೇಕು ಎಂದು ಬದುಕೆಲ್ಲ ಕಲಿತವರು, ಬೇಕೆಂದೇ ಸಿಕ್ಕಿಬೀಳಲು ಬಂದವರನ್ನು ನೋಡಲು ನೆರೆದಿದ್ದರು. ಒಬ್ಬ ಮುದುಕ ಮಾಯಾಳ ಪಕ್ಕದಲ್ಲಿ ನಿಂತು, "ಇವರಿಗೆ ಮನ್ಯಾಗ ಕೆಲಸ ಇಲ್ಲೇನ್ರಿ ತಂಗಿ?" ಎಂದು ನಿಜವಾದ ಕಾಳಜಿಯಿಂದ ಕೇಳಿದ.

ಮಾಯಾ ಬರುವವಳಲ್ಲ. ಪ್ರತಾಪ ಮೊದಲ ಸಲ ಓಡಿಸುತ್ತಾನೆಂದು ಬಂದಿದ್ದಳು. ಅವನು ಓಡಿಸಿದ, ಚೆನ್ನಾಗಿಯೇ ಓಡಿಸಿದ. ಟೈರಿನ ಗಾಳಿ ಇಳಿಸಿ, ನಿಧಾನವಾಗಿ, ದಂಡೆಯ ಗಟ್ಟಿ ನೆಲ ಹಿಡಿದು ಸುತ್ತಿ ಬಂದ. ಅದು ಯಾರಿಗೂ ಇಷ್ಟವಾಗಲಿಲ್ಲ. ಕೆಸರು ಹಾರಲಿಲ್ಲ, ಗದ್ದಲ ಆಗಲಿಲ್ಲ.

ಆಮೇಲೆ ಕಲ್ಲೇಶ ಇಳಿದ. ಧ್ವನಿವರ್ಧಕದಲ್ಲಿ ಅವನ ಹೆಸರು ಕೂಗಿದರು. ಅವನು ಇಂಜಿನ್ನು ಅರಚಿಸಿಕೊಂಡು ಎರೆಯ ನಡುಮಧ್ಯಕ್ಕೆ ನುಗ್ಗಿದ. ಇಪ್ಪತ್ತು ಮಾರು ಹೋದ. ಗಾಡಿ ಹೊಟ್ಟೆಯವರೆಗೆ ಇಳಿದು ಕೂತಿತು. ಅವನು ಇನ್ನಷ್ಟು ಅರಚಿಸಿದ. ಇನ್ನಷ್ಟು ಇಳಿಯಿತು. ಮುಂದೆ, ತಂತಿ ಸುತ್ತಿಕೊಂಡು ಗಾಡಿಯನ್ನು ತಾನೇ ಎಳೆಯುವ ವಿಂಚ್ ಇತ್ತು. ಆದರೆ ತಂತಿ ಕಟ್ಟಲು ಆ ಬಯಲಿನಲ್ಲಿ ಒಂದು ಜಾಲಿ ಗಿಡವೂ ಇರಲಿಲ್ಲ. ಇನ್ನು ಉಳಿದದ್ದು ಒಂದೇ. ಬಂದ ದಾರಿಯಲ್ಲೇ ಹಿಂದಕ್ಕೆ ಎಳೆಯುವುದು. ದಂಡೆಯ ಗಟ್ಟಿ ನೆಲದ ಮೇಲೆ ಪ್ರತಾಪನ ಗಾಡಿ ಬೆನ್ನು ತಿರುಗಿಸಿ ನಿಂತಿತು. ಹಗ್ಗದ ಒಂದು ತುದಿ ಪ್ರತಾಪನ ಚೌಕ ಕೊಳವೆಗೆ ಹೋಯಿತು. ಇನ್ನೊಂದು ತುದಿ ಹಿಡಿದು ಕ್ಲಬ್ಬಿನವನೊಬ್ಬ ಕಲ್ಲೇಶನ ಕೆಂಪು ಕೊಂಡಿಯ ಕಡೆಗೆ ಕೆಸರಿನಲ್ಲಿ ನಡೆದ.

ಮಾಯಾ ಸೀರೆ ಎತ್ತಿ ಸಿಕ್ಕಿಸಿಕೊಂಡು ಕೆಸರಿಗೆ ಇಳಿದಳು.

"ಅದಕ್ಕ ಕಟ್ಟಬ್ಯಾಡ್ರಿ," ಎಂದಳು. "ಕಂಪನಿ ಕೊಟ್ಟಿದ್ದ ಹುಕ್ ಎಲ್ಲೈತಿ? ಹಿಂದ ಚಾಸಿಗೆ ಒಂದು ಹುಕ್ ಇರತೈತಿ."

ಕಲ್ಲೇಶ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಅದು ಬಂಪರ್‌ಗೆ ಅಡ್ಡ ಬರತಿತ್ರಿ ಮೇಡಂ. ತೆಗಿಸೇವಿ."

"ಅಂದ್ರ ಎಳಿಯೂ ಹುಕ್ ಕೊಯ್ದು ಚಂದಕ್ಕ ಹುಕ್ ಹಾಕ್ಸೀರಿ."

ಸುತ್ತ ಜನ ನಕ್ಕರು. ಧ್ವನಿವರ್ಧಕದವನು ಮೈಕು ಮುಚ್ಚುವುದನ್ನು ಮರೆತಿದ್ದ. ನಗು ಬಯಲಿಗೆಲ್ಲ ಕೇಳಿಸಿತು. ಕಲ್ಲೇಶನ ಮುಖ ಕೆಂಪಾಯಿತು.

"ಅರ್ಧ ತಾಸು ಸಾಕು," ಎಂದಳು ಮಾಯಾ. "ಮೊದಲ ಚಕ್ರದ ಸುತ್ತ ಅಗೀರಿ. ಬಂಪರ್ ಬಿಚ್ಚೂಣು. ಚಾಸಿಯ ಅಡ್ಡಪಟ್ಟಿಗೆ ಬೆಲ್ಟ್ ಸುತ್ತಿ ಎಳದ್ರ ಬರತೈತಿ."

ಇಲ್ಲಿಗೆ ನಿಲ್ಲಿಸಿದ್ದರೆ ಅವನು ಒಪ್ಪುತ್ತಿದ್ದನೇನೋ. ಮಾಯಾ ಆ ಮೇಲೆ ಎಷ್ಟೋ ಸಲ ಅದನ್ನೇ ಯೋಚಿಸಿದಳು. ಆದರೆ ಅವಳು ನಿಲ್ಲಿಸಲಿಲ್ಲ.

"ಬಂಪರ್ ಬಿಚ್ಚಿದ್ರ ಮಾನ ಹೋಗತೈತಿ ಅಂತೀರೇನು? ಹೋಳಿ ಹುಣ್ಣಿವಿಗೆ ಹಚ್ಚೂ ಮೀಸಿ ಇದು. ತೋಯ್ದ್ರ ಇಳಿಯೂದ. ಈ ಮೀಸಿಗೆ ನೀವು ಎರಡ್ ಟನ್ ಗಾಡಿ ಕಟ್ಟತೀರಿ?"

ಮತ್ತೆ ನಗು. ಯಾರೋ ಶಿಳ್ಳೆ ಹಾಕಿದರು. ನಾಲ್ಕಾರು ಮೊಬೈಲುಗಳು ಮೇಲೆದ್ದಿದ್ದವು.

"ನೀವು ಕ್ಲಾಸ್‌ರೂಮಿನ್ಯಾಗ ಪಾಠ ಹೇಳ್ರಿ ಮೇಡಂ," ಎಂದ ಕಲ್ಲೇಶ, ಜನರಿಗೆ ಕೇಳುವಂತೆ. "ಹದಿನೇಳು ಬಂಪರ್ ಮಾರೇನಿ. ಒಂದೂ ವಾಪಸ್ ಬಂದಿಲ್ಲ. ಏ, ಕಟ್ರೋ ಹಗ್ಗ!"

"ಒಂದೂ ಕೆಸರಿಗೆ ಇಳದಿಲ್ಲ, ಅದಕ್ಕ ಬಂದಿಲ್ಲ!"

ಅವಳು ದಂಡೆಗೆ ಬಂದು ಪ್ರತಾಪನ ಕಿಟಕಿಗೆ ಕೈ ಊರಿದಳು. "ನೀ ಎಳೀಬ್ಯಾಡ. ಇಳಿ ಕೆಳಗ."

ಪ್ರತಾಪ ಸ್ಟೇರಿಂಗ್ ಬಿಡಲಿಲ್ಲ. "ಅಕ್ಕಾ, ಅಷ್ಟ್ ಮಂದಿ ಮುಂದ ಒಬ್ಬ ಮನಷ್ಯಾನ್ನ ಹಿಂಗ ಆಡಿಕೊಂಡ್ರ ಹೆಂಗ? ನಾ ಎಲ್ಲಿ ಮಾರಿ ತೋರಸ್ಲಿ? ನಿಧಾನ ಎಳೀತೇನಿ ಬಿಡು."

"ಹಾಳಾಗಿ ಹೋಗ್ರಿ ಎಲ್ಲಾರೂ ಕೂಡಿ," ಎಂದಳು ಮಾಯಾ.

ಹೋಗುವಾಗ ಒಂದು ಕೆಲಸ ಮಾಡಿದಳು. ಹಗ್ಗದ ಎರಡೂ ಬದಿಗೆ ವಿಡಿಯೋ ಮಾಡುತ್ತ ನಿಂತವರ ಮೇಲೆ ಹರಿಹಾಯ್ದಳು. "ನಿಮ್ಮ ಹೆಣದ ವಿಡಿಯೋ ಮಾಡೋರು ಬ್ಯಾರೆ ಇದ್ದಾರ, ಸರೀರಿ ಹಿಂದ! ಇನ್ನೂ ಹಿಂದ!" ಎಂದು ಕೂಗುತ್ತ, ಹಗ್ಗದ ಉದ್ದಕ್ಕಿಂತ ದೂರ ಎಲ್ಲರನ್ನೂ ದನ ಅಟ್ಟಿದಂತೆ ಅಟ್ಟಿದಳು. ಇನ್ನೊಂದು ಕೆಲಸ ಮಾಡಲಿಲ್ಲ. ಪ್ರತಾಪನ ಡಿಕ್ಕಿಯಲ್ಲಿ ಗೋಣಿಚೀಲ ಇತ್ತು. ಅದು ಅವಳಿಗೆ ನೆನಪಿತ್ತು. ತೋಯಿಸಿ ಹಗ್ಗದ ಮೇಲೆ ಹಾಕಲು ಎರಡು ನಿಮಿಷ ಸಾಕಿತ್ತು. ಇಷ್ಟು ಹೇಳಿದರೂ ಕೇಳದವರಿಗೆ ಚೀಲ ಬೇರೆ ಹೊರಬೇಕೇ ಎಂದುಕೊಂಡು ಅವಳು ಬದುವಿನ ಮೇಲೆ ಹೋಗಿ ಕೈಕಟ್ಟಿ ನಿಂತಳು.

ಪ್ರತಾಪ ಮೊದಲ ಸಲ ನಿಧಾನವಾಗಿಯೇ ಎಳೆದ. ಹಗ್ಗ ಬಿಗಿಯಿತು. ಗಾಡಿ ಅಲುಗಲಿಲ್ಲ. ಎರಡನೆಯ ಸಲವೂ ಅಷ್ಟೇ. ಕಲ್ಲೇಶ ಹಿಂದಿನಿಂದ ಕೂಗಿದ: "ಜೋಲು ಬಿಟ್ಟು ಝಟಕಿ ಹೊಡಿ ಡಾಕ್ಟರಾ! ಹಿಂಗ ಮೆತ್ತಗ ಎಳದ್ರ ಸಂಜಿ ಆಗತೈತಿ!"

ಪ್ರತಾಪ ಗಾಡಿಯನ್ನು ಮೂರು ಮಾರು ಹಿಂದೆ ತಂದು, ಹಗ್ಗ ಸಡಿಲ ಬಿಟ್ಟು, ಮುಂದಕ್ಕೆ ನುಗ್ಗಿಸಿದ.

ಶಬ್ದ ದೊಡ್ಡದೇನೂ ಆಗಲಿಲ್ಲ. ತೆಂಗಿನಕಾಯಿ ಕಲ್ಲಿಗೆ ಅಪ್ಪಳಿಸಿದಂತೆ ಒಂದು ಸದ್ದು, ಅದರ ಬೆನ್ನಿಗೇ ಗಾಜು ಒಡೆದದ್ದು. ಕೆಂಪು ಕೊಂಡಿ, ಅಂಗೈಯಗಲದ ತಗಡಿನ ತುಂಡಿನ ಸಮೇತ ಕಿತ್ತು, ಹಗ್ಗದ ತುದಿಯಲ್ಲಿ ಕವಣೆಕಲ್ಲಿನಂತೆ ಹಾರಿ, ಪ್ರತಾಪನ ಹಿಂದಿನ ಗಾಜು ಒಡೆದು ಒಳಗೆ ಹೋಗಿತ್ತು. ಗಾಡಿ ಹತ್ತು ಮಾರು ಮುಂದೆ ಹೋಗಿ ತಾನಾಗಿ ನಿಂತಿತು.

ಮಾಯಾ ಓಡಿದಳು. ಪ್ರತಾಪ ಸ್ಟೇರಿಂಗ್ ಮೇಲೆ ಬಾಗಿದ್ದ. ಕೊಂಡಿ ಸೀಟಿನ ಬೆನ್ನಿನ ಮೇಲಂಚನ್ನು ಹರಿದು ಅವನ ಬಲ ಹೆಗಲಿಗೆ ಹೊಡೆದಿತ್ತು. ನಾಲ್ಕು ಬೆರಳು ಎಡಕ್ಕೆ ಬಿದ್ದಿದ್ದರೆ ತಲೆ. ಅವನು ಹಲ್ಲು ಕಚ್ಚಿ, "ಅಕ್ಕಾ, ಕೈ ನಂದ ಐತ್ಯೋ ಇಲ್ಲೋ ನೋಡು," ಎಂದ. ಅವಳು ಅವನ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೆಗಲ ಮೂಳೆಗೆ ಶಸ್ತ್ರಚಿಕಿತ್ಸೆ ಆಯಿತು. ಪ್ಲೇಟು, ಆರು ಸ್ಕ್ರೂ. ಅವರ ತಾಯಿ ಸತ್ಯವ್ವ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಮಾಯಾ ನಡೆದದ್ದನ್ನೆಲ್ಲ ಹೇಳಿದಳು. ತಾನು ಮೊದಲೇ ಹೇಳಿದ್ದೆ ಎಂಬುದನ್ನು ಮೂರು ಸಲ ಹೇಳಿದಳು. ತಾಯಿ ಕೊನೆಯವರೆಗೂ ಕೇಳಿದಳು.

"ನೀ ಹೇಳಿದ್ದು ಖರೇನ," ಎಂದಳು ಸತ್ಯವ್ವ. "ನಿಮ್ಮಪ್ಪನೂ ಖರೇ ಹೇಳತಿದ್ದ. ಆದ್ರ ಕೇಳೋರು ಎದ್ದು ಹೋಗೂವಂಗ ಹೇಳತಿದ್ದಿಲ್ಲ."

"ಅಂದ್ರ ತಪ್ಪು ನಂದೇನು?"

"ತಪ್ಪು ಆ ಟೈಲ್ಸ್‌ನವಂದು. ನಾ ಹೇಳಾಕತ್ತಿದ್ದು ಅದಲ್ಲ."

ಗೋಣಿಚೀಲದ ವಿಷಯ ಮಾತ್ರ ಮಾಯಾ ತಾಯಿಗೆ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ.

ಮೂರನೆಯ ದಿನ ಕ್ಲಬ್ಬಿನ ಗುಂಪಿನಲ್ಲಿ ಕಲ್ಲೇಶನ ಸಂದೇಶ ಬಂತು. 'ಡಾ. ಪ್ರತಾಪ ಅವರು ಅನುಭವದ ಕೊರತೆಯಿಂದ ಅತಿಯಾಗಿ ಝಟಕಿ ಹೊಡೆದದ್ದರಿಂದ ದುರ್ಘಟನೆ ಸಂಭವಿಸಿದೆ. ಬೇಗ ಗುಣಮುಖರಾಗಲಿ.' ಅದರ ಕೆಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದ್ದವು. ಮಾಯಾ ಅದನ್ನು ಪ್ರತಾಪನ ಫೋನಿನಲ್ಲಿ ಓದಿ, ಚಪ್ಪಲಿ ಮೆಟ್ಟಿ, ನೇರವಾಗಿ ಕೇಶ್ವಾಪುರಕ್ಕೆ ಹೋಗಬೇಕೆಂದು ಹೊರಟಳು. ಗೇಟಿನಲ್ಲಿ ಒಬ್ಬ ನಿಂತಿದ್ದ. ಮೂವತ್ತರ ಆಸುಪಾಸು, ಮುಂಗೈ ತುಂಬ ಕಿಡಿ ಸುಟ್ಟ ಕಲೆಗಳು.

"ನಮಸ್ಕಾರ್ರಿ ಮೇಡಂ. ನಾ ದುರ್ಗೇಶ. ಹತ್ತ ವರ್ಷದ ಹಿಂದ ನಿಮ್ಮ ಕಡೆ ಕಲ್ತಾಂವ. ಆ ಬಂಪರ್ ಮಾಡಿದಾಂವ ನಾನ."

ಮಾಯಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಾಲಿಗೆಯ ತುದಿಗೆ ಹತ್ತು ಮಾತು ಬಂದವು. "ನಾಚಿಕಿ ಆಗೂದಿಲ್ಲೇನು?" ಎಂಬುದು ಅವುಗಳಲ್ಲಿ ಮೆತ್ತಗಿನದು. ಅದನ್ನೇ ಅಂದಳು.

"ಆಗತೈತ್ರಿ. ಅದಕ್ಕ ಬಂದೇನಿ." ಅವನು ನೆಲ ನೋಡುತ್ತ ಹೇಳಿದ. "ಕಲ್ಲೇಶ ಸಾವಕಾರ್ರು ಚಿತ್ರ ಕೊಟ್ರು. ತಗಡೂ ಅವರ ಕೊಟ್ರು. ಚಾಸಿಗೆ ಹಿಡಸೂಣೇನ್ರಿ ಅಂದೆ. ಬ್ಯಾಡ, ಟೈಮ್ ಹಿಡೀತೈತಿ, ಯಾರ್ ಎಳೀತಾರ ಇದನ್ನ ಅಂದ್ರು. ನಾನೂ ಹೌದಲಾ ಅಂದೆ."

"ನಾ ಕಲಿಸಿದ್ದು ಇದನ್ನೇನು? ಬೆಸುಗಿ ಬೇರಿಗೆ ಇಳೀಬೇಕು ಅಂತ ಎಷ್ಟ್ ಸಲ ಹೇಳೇನಿ? ನಿನ್ನ ಬೆಸುಗಿ ನೋಡಿದ್ರ ಪರೀಕ್ಷಾದಾಗ ಕೂಡಸಾಕೂ ಲಾಯಕ್ಕಿಲ್ಲ."

ದುರ್ಗೇಶ ತಲೆ ಎತ್ತಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಆವಾಗೂ ನನ್ನ ಬೆಸುಗಿ ಹಿಂಗ ಇತ್ರಿ ಮೇಡಂ. ನೀವ ಪಾಸ್ ಮಾಡಿದ್ರಿ."

ಮಾಯಾಳಿಗೆ ಆ ವರ್ಷ ನೆನಪಿಗೆ ಬಂತು. ಇಡೀ ತಂಡ ಪಾಸಾಗಬೇಕೆಂದು ಮೇಲಿನಿಂದ ಒತ್ತಾಯವಿತ್ತು. ಆದರೆ ಅವಳು ಸಹಿ ಹಾಕಿದ್ದು ಒತ್ತಾಯಕ್ಕಲ್ಲ. ಕೊನೆಯ ಬೆಂಚಿನ ಏಳೆಂಟು ಜನರ ತುಂಡುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ನೋಡಿದಾಗ ಮೂಡಿದ ಯೋಚನೆ ಅವಳಿಗೆ ಚೆನ್ನಾಗಿ ನೆನಪಿತ್ತು. ಇವರೇನು ಹಡಗು ಕಟ್ಟುತ್ತಾರೆಯೇ, ಕಿಟಕಿಯ ಗ್ರಿಲ್ ಬೆಸೆಯುತ್ತಾರೆ, ಹೋಗಲಿ ಬಿಡು ಎಂದುಕೊಂಡಿದ್ದಳು. ಅಷ್ಟು ಹಗುರವಾಗಿ. ಆ ಹುಡುಗರನ್ನು ಇನ್ನೊಂದು ತಿಂಗಳು ನಿಲ್ಲಿಸಿ ಕಲಿಸುವಷ್ಟು ಬೆಲೆ ಅವಳು ಅವರಿಗೆ ಕೊಟ್ಟಿರಲಿಲ್ಲ.

ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಎರಡು ಕಪ್ ಚಹಾ ಇದ್ದವು.

"ಕುಡಿ," ಎಂದಳು. "ಇನ್ನೊಂದು ಹಂತಾ ಬಂಪರ್ ನಿನ್ನ ಶೆಡ್ಡಿನ್ಯಾಗ ಐತೇನು?"

"ಎರಡ್ ಅದಾವ್ರಿ."

"ಒಂದನ್ನ ಭಾನುವಾರ ಬೇಲೂರಿಗೆ ತಗೊಂಡ್ ಬಾ."

ಆ ಭಾನುವಾರ ಖಾದರಬಾಷಾರ ವರ್ಕ್‌ಶಾಪಿನಲ್ಲಿ ಹೊಸ ಬಂಪರನ್ನು, ಗಾಡಿಗೆ ಹಾಕುವ ಅದೇ ಪಟ್ಟಿಗಳ ಸಮೇತ, ನೆಲಕ್ಕೆ ಹೂತ ಕಬ್ಬಿಣದ ಕಂಬಕ್ಕೆ ಬಿಗಿದರು. ಕೊಂಡಿಗೆ ಸರಪಳಿ, ಸರಪಳಿಗೆ ಎಳೆತದ ತೂಕ ತೋರಿಸುವ ಮಾಪಕ, ಅದರಾಚೆ ಕೈಯಿಂದ ತಿರುಗಿಸುವ ಚೈನ್ ಪುಲ್ಲಿ. ಇದಕ್ಕೂ ನೋಡುವವರಿಗೂ ನಡುವೆ ದಪ್ಪ ಕಬ್ಬಿಣದ ಜಾಲರಿ. ಮಾಯಾ ಕ್ಲಬ್ಬಿನ ಎಲ್ಲರಿಗೂ ಸಂದೇಶ ಕಳಿಸಿದ್ದಳು. ಬೈಗುಳ ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ ಸ್ಥಳ ಮತ್ತು ಹೊತ್ತು ಮಾತ್ರ ಉಳಿಸಿದ್ದಳು. ಒಂಬತ್ತು ಜನ ಬಂದರು. ಕಲ್ಲೇಶ ಕೊನೆಗೆ ಬಂದು, ತಪ್ಪು ಮದುವೆಗೆ ಬಂದವನಂತೆ ಬಾಗಿಲ ಹತ್ತಿರ ನಿಂತ.

ಖಾದರಬಾಷಾ ಸರಪಳಿ ಎಳೆಯತೊಡಗಿದರು. ಝಟಕಿ ಇಲ್ಲ, ಏನಿಲ್ಲ, ಬಾವಿಯಿಂದ ನೀರು ಸೇದುವಷ್ಟು ನಿಧಾನ. ಮಾಪಕದ ಅಂಕಿಗಳನ್ನು ದುರ್ಗೇಶ ಗಟ್ಟಿಯಾಗಿ ಓದಿದ. "ಆರನೂರು. ಎಂಟನೂರು. ಸಾವಿರದ ನೂರು." ಬಂಪರಿನ ಮುಖ ಮುಂದಕ್ಕೆ ಉಬ್ಬಿತು. ಬಣ್ಣ ಚಕ್ಕೆಚಕ್ಕೆಯಾಗಿ ಉದುರಿತು. "ಸಾವಿರದ ಮುನ್ನೂರು." ಆಮೇಲೆ ಅವನು ಓದಬೇಕಾಗಲಿಲ್ಲ. ತಗಡು ಹರಿದು ಕೊಂಡಿ ಜಾಲರಿಗೆ ಹೊಡೆಯಿತು. ಒಂಬತ್ತೂ ಜನ ಒಟ್ಟಿಗೆ ಹಿಂದೆ ಸರಿದರು.

ಖಾದರಬಾಷಾ ಕೈ ಒರೆಸಿಕೊಂಡರು. "ಒಂದ್ ಟನ್ ಮುನ್ನೂರು," ಎಂದರು. "ಎರೆಯೊಳಗ ಹೊಟ್ಟಿತನಾ ಕೂತ ಗಾಡಿ ಕೀಳಬೇಕಾದ್ರ ಐದು ಟನ್ ತನಾ ಬೇಕಾಗತೈತಿ."

ಕ್ಲಬ್ಬಿನವನೊಬ್ಬ ಸಣ್ಣ ದನಿಯಲ್ಲಿ, "ನಾ ಮಕ್ಕಳನ್ನ ಹಿಂದಿನ ಸೀಟಿನ್ಯಾಗ ಕೂಡಿಸ್ಕೊಂಡು ಹೋಗತೇನಿ," ಎಂದ.

ಮರುದಿನ ಸಂಜೆ ಕಲ್ಲೇಶ ಮನೆಗೆ ಬಂದ. ಕೈಯಲ್ಲಿ ಹಣ್ಣಿನ ಬುಟ್ಟಿ, ಶಾಲು, ಒಂದು ಫಲಕ. ಪ್ರತಾಪನ ಆರೋಗ್ಯ ವಿಚಾರಿಸಿ, ಗುಂಪಿನ ಸಂದೇಶ ಅಳಿಸಿದ್ದೇನೆ ಎಂದು ಹೇಳಿ, ಮಾಯಾಳ ಕಡೆ ತಿರುಗಿದ. "ಮೇಡಂ, ಮುಂದಿನ ತಿಂಗಳ ನಮ್ಮ ಕ್ಲಬ್ಬಿಂದ ಸುರಕ್ಷತಾ ಶಿಬಿರ ಮಾಡಾಕತ್ತೇವಿ. ಉದ್ಘಾಟನೆಗೆ ನೀವ ಬರಬೇಕ್ರಿ. ಸನ್ಮಾನ ಇಟ್ಟೇವಿ."

ಮಾಯಾ ಶಾಲನ್ನು ನೋಡಿದಳು. ಈ ಮನುಷ್ಯನಿಗೆ ಎಲ್ಲವೂ ಮೇಲೆ ಹೊದಿಸುವುದೇ ಎನ್ನಿಸಿತು. ಅದನ್ನು ಅನ್ನಲಿಲ್ಲ. ಅನ್ನದೇ ಇರಲು ಬಹಳ ಕಷ್ಟಪಟ್ಟಳು.

"ಹದಿನೇಳು ಮಾರೀರಿ ಅಂದ್ರಿ. ಯಾರ್ ಯಾರಿಗೆ ಅಂತ ಹೆಸರು, ಫೋನ್ ನಂಬರ್ ಕೊಡ್ರಿ."

"ನಾ ಹೇಳತೇನ್ರಿ ಅವರಿಗೆ..."

"ನೀವು ಹೇಳಿದ್ದನ್ನ ಗುಂಪಿನ್ಯಾಗ ಓದೇನಿ. ನಂಬರ್ ಕೊಡ್ರಿ. ಶಾಲು ಆಮ್ಯಾಲೆ ನೋಡೂಣು."

ಒಳಗಿನ ಮಂಚದಿಂದ ಪ್ರತಾಪ, "ಕೊಟ್ಟ ಬಿಡ್ರಿ ಕಲ್ಲೇಶಣ್ಣ. ಇಲ್ಲಾಂದ್ರ ನಿಮ್ಮ ಅಂಗಡಿ ಮುಂದ ಬಂದು ಕೂಡತಾಳ," ಎಂದ. ಕಲ್ಲೇಶ ಫೋನ್ ತೆಗೆದು ಒಂದೊಂದೇ ನಂಬರ್ ಓದಿದ. ಮಾಯಾ ಬರೆದುಕೊಂಡಳು. ಹಣ್ಣಿನ ಬುಟ್ಟಿಯನ್ನು ಸತ್ಯವ್ವ ಇಟ್ಟುಕೊಂಡಳು. ಶಾಲು, ಫಲಕ ವಾಪಸು ಹೋದವು.

ನಾಲ್ಕು ತಿಂಗಳಲ್ಲಿ ಪ್ರತಾಪ ಕೆಲಸಕ್ಕೆ ಮರಳಿದ. ಬಲಗೈ ಹೆಗಲಿಗಿಂತ ಮೇಲೆ ಏಳುವುದಿಲ್ಲ. ಹಸುವಿನ ಗರ್ಭ ಪರೀಕ್ಷಿಸುವುದನ್ನು ಎಡಗೈಯಲ್ಲಿ ಹೊಸದಾಗಿ ಕಲಿತ. ಮೊದಮೊದಲು ರೈತರು ಅನುಮಾನದಿಂದ ನೋಡುತ್ತಿದ್ದರು. ಕ್ಲಬ್ಬು ಬಿಟ್ಟ. ಒಂದು ದಿನ ಊಟ ಮಾಡುವಾಗ ಮಾಯಾ ಗೋಣಿಚೀಲದ ವಿಷಯ ಅವನಿಗೆ ಹೇಳಿದಳು. ಅವನು ಇನ್ನೊಂದು ತುಂಡು ರೊಟ್ಟಿ ಮುರಿದ. "ನನಗೂ ನೆನಪಿತ್ತಕ್ಕಾ," ಎಂದ. "ಚೀಲ ಹಾಕಿದ್ರ ಹೆದರಿದಾ ಅಂತಾರ ಅಂತ ಸುಮ್ಮನಿದ್ದೆ."

"ನೀನೂ ಮೂರ್ಖ," ಎಂದಳು. ಈ ಸಲ ನಗಲಿಲ್ಲ.

ದುರ್ಗೇಶ ಭಾನುವಾರಗಳಂದು ಬೇಲೂರಿಗೆ ಬಂದು ಬೆಸುಗೆಯ ತುಂಡುಗಳನ್ನು ಮಾಡಿ ತೋರಿಸುತ್ತಿದ್ದ. ಮಾಯಾ ಒಂದೊಂದನ್ನೂ ಕೊಯ್ದು ನೋಡಿ, ಬೈದು, ಮೂಲೆಗೆ ಎಸೆಯುತ್ತಿದ್ದಳು. ಹನ್ನೆರಡನೆಯದನ್ನು ಎಸೆಯದೆ ಮೇಜಿನ ಮೇಲೆ ಇಟ್ಟಳು. ಕಿತ್ತು ತಂದ ಬಂಪರುಗಳನ್ನು ಅವನೇ ಕೊಯ್ದು, ಚಾಸಿಗೆ ಹಿಡಿಯುವ ಪ್ಲೇಟು, ಅಡ್ಡಪಟ್ಟಿ ಕೂರಿಸಿ ಕೊಡತೊಡಗಿದ.

ಫೋನು ಮಾಡುವ ಕೆಲಸ ಮಾತ್ರ ಮಾಯಾ ಯಾರಿಗೂ ಬಿಡಲಿಲ್ಲ. ಕೆಲವರು ಮೊದಲ ಕರೆಗೇ ಬಂದರು. ಕೆಲವರಿಗೆ ಮೂರು ಸಲ ಮಾಡಬೇಕಾಯಿತು. ಗದಗಿನ ಒಬ್ಬ, "ನಾ ಎಲ್ಲೂ ಕೆಸರಿಗೆ ಹೋಗೂದಿಲ್ರಿ ಮೇಡಂ, ಶೋಕಿಗೆ ಹಾಕ್ಸೇನಿ," ಎಂದ. "ನೀವು ಹೋಗೂದಿಲ್ಲ. ಯಾರೋ ಕೆಸರಿನ್ಯಾಗ ಸಿಕ್ಕಾಂವ ನಿಮ್ಮ ಕೊಂಡಿ ನೋಡಿ, ನಂಬಿ, ಹಗ್ಗ ತಗೊಂಡ್ ಬರತಾನಲಾ, ಅಂವಗ ಏನ್ ಹೇಳತೀರಿ?" ಎಂದಳು. ಧ್ವನಿ ಏರಿಸಲಿಲ್ಲ. ಅವನು ಮುಂದಿನ ವಾರ ಬಂದ.

ಹದಿನೇಳರಲ್ಲಿ ಹದಿನಾರು ಮುಗಿದವು. ಶಿಗ್ಗಾವಿಯವನೊಬ್ಬ ಉಳಿದ. ಅವನು ಐದನೆಯ ಕರೆಗೆ ಸಿಟ್ಟಿನಿಂದ ಅವಳ ನಂಬರನ್ನೇ ಬ್ಲಾಕ್ ಮಾಡಿದ. ಮಾಯಾ ಪ್ರತಾಪನ ಫೋನ್ ತೆಗೆದುಕೊಂಡು ಮತ್ತೆ ನಂಬರ್ ಒತ್ತಿದಳು.